ಕಾರಿನೊಳಗೆ ಹ್ಯಾಂಡ್‌ಹೆಲ್ಡ್ ಜಿಪಿಎಸ್ ಸಿಗ್ನಲ್ ಹಿಡಿಯುತ್ತಿಲ್ಲ: ಸಿಂಪ್ಸನ್ ಮರುಭೂಮಿಗೆ ಹೊರಡುವ ಮೊದಲು ಸಲಹೆ ಬೇಕು

ಕಾವೇರಿತೀರ, ಅಡಿಲೇಡ್ (ಮೇ 3)

ಎಲ್ಲರಿಗೂ ನಮಸ್ಕಾರ. ಜುಲೈ ರಜೆಯಲ್ಲಿ ಎರಡು ಕುಟುಂಬ, ಎರಡು ಗಾಡಿ, ಇಲ್ಲಿ ಆಸ್ಟ್ರೇಲಿಯಾದ ಸಿಂಪ್ಸನ್ ಮರುಭೂಮಿ ದಾಟುವ ಯೋಚನೆ ಇದೆ. ಅಡಿಲೇಡಿನಿಂದ ಮರ್ರೀ, ಊಡ್ನಡಾಟ ಟ್ರ್ಯಾಕ್, ಮೌಂಟ್ ಡೇರ್, ಡಾಲ್‌ಹೌಸಿ ಬುಗ್ಗೆಗಳು. ಅಲ್ಲಿಂದ ಫ್ರೆಂಚ್ ಲೈನ್ ಅನ್ನುವ ದಾರಿ ಹಿಡಿದು ಪೂರ್ವಕ್ಕೆ ಪೊಪೆಲ್ ಕಾರ್ನರ್, ಬಿಗ್ ರೆಡ್ ದಿಬ್ಬ, ಬರ್ಡ್ಸ್‌ವಿಲ್. ವಾಪಸಾಗುವಾಗ ಬರ್ಡ್ಸ್‌ವಿಲ್ ಟ್ರ್ಯಾಕ್‌ನಲ್ಲಿ 517 ಕಿಲೋಮೀಟರ್ ಇಳಿದು ಮತ್ತೆ ಮರ್ರೀ.

ನನ್ನ ಹತ್ತಿರ ಇರೋದು ಹಳೆಯ ಹ್ಯಾಂಡ್‌ಹೆಲ್ಡ್. ಬರೀ ಅಮೆರಿಕದ ಜಿಪಿಎಸ್ ಉಪಗ್ರಹಗಳನ್ನಷ್ಟೇ ಓದುತ್ತೆ. ಕೈಯಲ್ಲಿ ಹಿಡಿದು ನಡೆದರೆ ಇವತ್ತಿಗೂ ಚೆನ್ನಾಗಿದೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ತೊಂದರೆ. ಏಪ್ರಿಲ್‌ನಲ್ಲಿ ಫ್ಲಿಂಡರ್ಸ್ ರೇಂಜಸ್‌ಗೆ ಹೋಗಿದ್ದೆವು. ಹೋಗುವಾಗ ಪರವಾಗಿಲ್ಲ ಅನ್ನುವ ಹಾಗೆ ದಾರಿ ತೋರಿಸಿತು. ಬರುವಾಗ ಮಾತ್ರ ಮತ್ತೆ ಮತ್ತೆ ‘ಉಪಗ್ರಹ ಸಿಗುತ್ತಿಲ್ಲ’ ಅಂತ ಬರೋದು, ಸಿಕ್ಕರೂ ನಾವಿರುವ ರಸ್ತೆ ಬಿಟ್ಟು ಮುನ್ನೂರು ಮೀಟರ್ ಆಚೆ ತೋರಿಸೋದು. ಕಿಟಕಿಯಿಂದ ಕೈ ಹೊರಗೆ ಚಾಚಿ ಹಿಡಿದರೆ ಒಂದು ನಿಮಿಷದಲ್ಲಿ ಸರಿಹೋಗುತ್ತಿತ್ತು. ಬಿಸಿಲಿಗೆ ಕಾದು ಹೀಗಾಯಿತೇನೋ ಅಂದುಕೊಂಡೆ.

ಸಿಗ್ನಲ್ ಬೂಸ್ಟರ್ ಕೊಳ್ಳಬೇಕೋ, ಹೊಸ ಸಾಧನವನ್ನೇ ಕೊಳ್ಳಬೇಕೋ? ಹೊರಗಿನ ಸಿಗ್ನಲ್ ಹಿಡಿದು ಕಾರಿನೊಳಗೆ ಮತ್ತೆ ಬಿಡುವ ಆಂಟೆನಾ ಕೂಡ ಸಿಗುತ್ತದಂತೆ. ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೇವೆ, ದಾರಿಯ ವಿಷಯದಲ್ಲಿ ಅನುಮಾನ ಉಳಿಸಿಕೊಂಡು ಹೊರಡಲು ಮನಸ್ಸಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಜೋಳದರೊಟ್ಟಿ, ಟುವೂಂಬ (ಮೇ 3)

ನಮಸ್ಕಾರ ಸರ. ನಾವು ಎರಡ ಸಲ ಸಿಂಪ್ಸನ್ ದಾಟೇವ್ರಿ. ಅಲ್ಲಿ ಗುಡ್ಡ ಇಲ್ಲ, ಬಿಲ್ಡಿಂಗ್ ಇಲ್ಲ, ದೊಡ್ಡ ಗಿಡ ಇಲ್ಲ. ಸಾವಿರದ ನೂರರಷ್ಟು ಮರಳಿನ ದಿಬ್ಬ ಅದಾವ, ಅವು ಆಕಾಶ ಮುಚ್ಚಂಗಿಲ್ಲ. ಆಕಾಶಕ್ಕ ಅಡ್ಡ ನಿಲ್ಲೋದು ನಿಮ್ಮ ಗಾಡಿ ಒಂದ. ಅದರ ತಗಡಿನ ಛಾವಣಿಯಿಂದ ಆಂಟೆನಾ ಹೊರಗ ಬಂತಂದ್ರ ಮುಗೀತು. ಮೊದಲ ಒಂದು ಹೇಳ್ರಿ: ಡ್ಯಾಶ್‌ಕ್ಯಾಮ್ ಅದ ಏನು? ಮುಂದಿನ ಗಾಜು ಎಂಥಾದ್ದು?

ಕಾವೇರಿತೀರ (ಮೇ 3)

ಡ್ಯಾಶ್‌ಕ್ಯಾಮ್ ಇದೆ, ಹ್ಯಾಂಡ್‌ಹೆಲ್ಡ್ ಪಕ್ಕದಲ್ಲೇ, ಒಂದು ಗೇಣು ದೂರ. ಗಾಜು ಬಿಸಿಲು ತಡೆಯುವ ಬಗೆಯದು ಅಂತ ಗಾಡಿಯ ಪುಸ್ತಕದಲ್ಲಿದೆ. ಕನ್ನಡಿಯ ಹಿಂದೆ ಕಪ್ಪು ಚುಕ್ಕೆಗಳಿರುವ ಒಂದು ಚೌಕ ಕಾಣುತ್ತೆ.

ಪಣಂಬೂರು, ಮೆಲ್ಬರ್ನ್ (ಮೇ 4)

ನಾನು ಇಲ್ಲಿ ವಾಹನಗಳ ಎಲೆಕ್ಟ್ರಿಕಲ್ ಕೆಲಸ ಮಾಡುವವ. ಎರಡು ಸಂಗತಿ ನಿಮ್ಮ ಮಾತಿನಲ್ಲೇ ಉಂಟು ಮಾರಾಯ್ರೇ.

ಬಿಸಿಲು ತಡೆಯುವ ಗಾಜು ಅಂದರೆ ಹಲವು ಸಲ ಅದರೊಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪ. ಶಾಖವನ್ನು ಹಿಂದಕ್ಕೆ ಕಳಿಸುವ ಆ ಪದರ ರೇಡಿಯೋ ಅಲೆಯನ್ನೂ ಹಿಂದಕ್ಕೆ ಕಳಿಸುತ್ತದೆ. ಅದಕ್ಕೇ ತಯಾರಕರು ಒಂದು ಸಣ್ಣ ಜಾಗದಲ್ಲಿ ಲೇಪ ಬಿಟ್ಟಿರುತ್ತಾರೆ, ಟೋಲ್ ಟ್ಯಾಗ್ ಕೆಲಸ ಮಾಡಬೇಕಲ್ಲ. ಕನ್ನಡಿ ಹಿಂದಿನ ಚುಕ್ಕೆ ಚೌಕ ಹೆಚ್ಚಾಗಿ ಅದೇ. ಮಂಜು ಕರಗಿಸಲು ಸಣ್ಣ ತಂತಿ ಇಟ್ಟ ಗಾಜಿನದ್ದೂ ಇದೇ ಕಥೆ. ಬಾಗಿಲಿನ ಗಾಜಿಗೆ ಲೋಹ ಬೆರೆತ ಟಿಂಟ್ ಹಾಕಿಸಿದ್ದರೆ ಅಲ್ಲಿಂದಲೂ ಸಿಗ್ನಲ್ ಬರುವುದಿಲ್ಲ. ಸೆರಾಮಿಕ್ ಟಿಂಟ್ ಆದರೆ ತೊಂದರೆ ಕಡಿಮೆ.

ಎರಡನೆಯದು ಡ್ಯಾಶ್‌ಕ್ಯಾಮ್. ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕುವ ಕಡಿಮೆ ಬೆಲೆಯ ಯುಎಸ್‌ಬಿ ಚಾರ್ಜರ್, ಎಲ್‌ಇಡಿ ಲೈಟ್ ಬಾರ್, ಇನ್ವರ್ಟರ್, ಇವೂ ಅದೇ ಸಾಲಿಗೆ. 12 ವೋಲ್ಟನ್ನು 5ಕ್ಕೆ ಇಳಿಸುವ ಸರ್ಕ್ಯೂಟ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್ ಆಫ್ ಆಗುತ್ತಿರುತ್ತದೆ. ಕವಚ ಸರಿಯಿಲ್ಲದಿದ್ದರೆ ಅದರ ಗಲಾಟೆ ಜಿಪಿಎಸ್ ಇರುವ ರೇಡಿಯೋ ತರಂಗಗಳ ಪಟ್ಟಿವರೆಗೂ ಹರಡುತ್ತದೆ. ಕಳೆದ ವರ್ಷ ಒಬ್ಬರು ಹೊಸ ಆಂಟೆನಾ ಹಾಕಿಸಿಕೊಳ್ಳಲು ಬಂದಿದ್ದರು. ನಾನು ಡ್ಯಾಶ್‌ಕ್ಯಾಮ್ ಪ್ಲಗ್ ಎಳೆದೆ, ಅಷ್ಟೇ. ಉಪಗ್ರಹದ ಕಂಬಗಳೆಲ್ಲ ಒಮ್ಮೆಲೇ ಎದ್ದು ನಿಂತವು.

ಒಂದು ಪೈಸೆ ಖರ್ಚು ಮಾಡುವ ಮೊದಲು ಹೀಗೆ ಮಾಡಿ. ಬಯಲಿನಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಹೆಲ್ಡ್ ಅನ್ನು ಛಾವಣಿ ಮೇಲೆ 15 ನಿಮಿಷ ಬಿಡಿ. ಆಮೇಲೆ ಅದರ ಉಪಗ್ರಹ ಪುಟ ತೆರೆದು ಕಂಬಗಳ ಎತ್ತರ ಬರೆದಿಟ್ಟುಕೊಳ್ಳಿ. ಈಗ ಡ್ಯಾಶ್ ಮೇಲೆ ಇಟ್ಟು ಎಲ್ಲ ಉಪಕರಣ ಬಂದ್ ಮಾಡಿ ನೋಡಿ. ನಂತರ ಒಂದೊಂದಾಗಿ ಆನ್ ಮಾಡಿ: ಇಗ್ನಿಷನ್, ಚಾರ್ಜರ್, ಕ್ಯಾಮ್, ಫ್ರಿಜ್. ಯಾವುದಕ್ಕೆ ಕಂಬ ಕುಸಿಯುತ್ತದೋ ಅದೇ ಕಳ್ಳ.

ಬ್ಯಾಲಾಳು ದಾರಿ, ಬೆಂಗಳೂರು (ಮೇ 4)

ಪಣಂಬೂರಿನವರು ಹೇಳಿದ್ದನ್ನು ಮೊದಲು ಮಾಡಿ ಸರ್. ಬೂಸ್ಟರ್ ವಿಷಯ ನಾನು ಹೇಳುತ್ತೇನೆ, ರೇಡಿಯೋ ಅಲೆಗಳೇ ನನ್ನ ಕೆಲಸ.

ಜಿಪಿಎಸ್ ಉಪಗ್ರಹ ಇರುವುದು ನೆಲದಿಂದ ಸುಮಾರು 20,200 ಕಿಲೋಮೀಟರ್ ಮೇಲೆ. ಅಲ್ಲಿಂದ 1575.42 ಮೆಗಾಹರ್ಟ್ಸ್‌ನಲ್ಲಿ ಹೊರಟ ಅಲೆ ನಮ್ಮ ಕೈ ಸೇರುವಾಗ ಅದರ ಶಕ್ತಿ ಎಷ್ಟು ಗೊತ್ತೇ? ಒಂದು ವ್ಯಾಟನ್ನು ಕೋಟಿ ಭಾಗ ಮಾಡಿ, ಅದರಲ್ಲೊಂದು ಭಾಗವನ್ನು ಮತ್ತೆ ಕೋಟಿ ಭಾಗ ಮಾಡಿ, ಅದನ್ನೂ ನೂರು ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು. ನಮ್ಮ ಸುತ್ತಲಿನ ಸಹಜ ರೇಡಿಯೋ ಗದ್ದಲಕ್ಕಿಂತಲೂ ಅದು ಕೆಳಗಿರುತ್ತದೆ. ಉಪಗ್ರಹದ ಸಂಕೇತದ ನಕ್ಷೆ ಮೊದಲೇ ಗೊತ್ತಿರುವುದರಿಂದ ರಿಸೀವರ್ ಅದನ್ನು ಹೊಂದಿಸಿ ಹೊಂದಿಸಿ ಹೆಕ್ಕಿ ತೆಗೆಯುತ್ತದೆ.

ಇಷ್ಟು ಸಣ್ಣ ದನಿಯನ್ನು ಕಾರಿನ ಛಾವಣಿಯ ಕೆಳಗೆ ದೊಡ್ಡದು ಮಾಡಿದರೆ ಏನು ಸಿಗುತ್ತೆ? ಜಾತ್ರೆಯಲ್ಲಿ ದೂರದಿಂದ ಮಗು ಕೂಗುತ್ತಿದೆ ಅಂದುಕೊಳ್ಳಿ. ನಿಂತಲ್ಲೇ ಮೈಕು ಹಿಡಿದು ದನಿ ಹೆಚ್ಚಿಸಿದರೆ ಜಾತ್ರೆಯ ಗದ್ದಲವೂ ಅಷ್ಟೇ ಹೆಚ್ಚುತ್ತದೆ. ಮಗುವಿನ ಹತ್ತಿರಕ್ಕೆ ನಡೆದು ಹೋಗಬೇಕು. ಆಂಟೆನಾ ಛಾವಣಿಯ ಮೇಲೆ ಹೋಗಬೇಕು ಅನ್ನುವುದರ ಅರ್ಥ ಇದೇ. ‘ಆ್ಯಕ್ಟಿವ್ ಆಂಟೆನಾ’ದೊಳಗೂ ಆಂಪ್ಲಿಫೈಯರ್ ಇದೆ, ನಿಜ. ಆದರೆ ಅದು ಇರುವುದು ಕೇಬಲ್‌ನಲ್ಲಿ ನಷ್ಟವಾಗುವ ಶಕ್ತಿಯನ್ನು ತುಂಬಿಕೊಡಲು. ತೆಳ್ಳನೆಯ ಕೇಬಲ್ ಪ್ರತಿ ಮೀಟರಿಗೆ ಒಂದು ಡೆಸಿಬೆಲ್‌ಗಿಂತ ಹೆಚ್ಚು ತಿನ್ನುತ್ತದೆ. ಹಾಗಾಗಿ ಆಂಪ್ಲಿಫೈಯರ್ ಆಂಟೆನಾದ ಬುಡದಲ್ಲೇ, ಸಂಕೇತ ಇನ್ನೂ ಶುಭ್ರವಾಗಿರುವ ಕಡೆ ಇರಬೇಕು. ಮಧ್ಯೆ ಇನ್ನೊಂದು ಬೂಸ್ಟರ್ ಸೇರಿಸಿದರೆ ಬರುವ ದನಿ ಅತಿಯಾಗಿ ರಿಸೀವರ್‌ನ ಮುಂಬಾಗಿಲು ಕಟ್ಟಿಹೋಗುತ್ತದೆ.

ಕಾರಿನೊಳಗೆ ಸಂಕೇತವನ್ನು ಮತ್ತೆ ಬಿಡುವ ಸಾಧನದ ಸಹವಾಸ ಬೇಡ. ಅದು ಜಿಪಿಎಸ್ ಪಟ್ಟಿಯಲ್ಲಿ ಪ್ರಸಾರ ಮಾಡುವ ಯಂತ್ರ. ಆಸ್ಟ್ರೇಲಿಯಾದಲ್ಲಿ ರೇಡಿಯೋ ಅಲೆಗಳ ನಿಯಂತ್ರಣ ಎಸಿಎಂಎ ಕೈಯಲ್ಲಿದೆ, ಅವರ ನಿಯಮ ಓದದೆ ಅಂಥದ್ದನ್ನು ಹಚ್ಚಬಾರದು. ತಾಂತ್ರಿಕವಾಗಿಯೂ ಸರಿಯಿಲ್ಲ: ನೇರ ಸಂಕೇತ ಮತ್ತು ಮರುಪ್ರಸಾರ ಎರಡೂ ಸೇರಿದರೆ ರಿಸೀವರ್‌ಗೆ ಗೊಂದಲ.

ಜೋಳದರೊಟ್ಟಿ (ಮೇ 4)

ಬ್ಯಾಲಾಳು ಸರ, ನಿಮ್ಮ ಹೆಸರು ನೋಡಿ ಕೇಳಾಕತ್ತೀನಿ. ಜಿಪಿಎಸ್‌ನಂಗ ನಮ್ಮ ಇಸ್ರೋದ್ದ ನಾವಿಕ್ ಅದ ಅಲ್ಲ, ಅದು ಇಲ್ಲೆ ಆಸ್ಟ್ರೇಲಿಯಾದಾಗ ಉಪಯೋಗಕ್ಕ ಬರತೈತೇನ್ರಿ?

ಬ್ಯಾಲಾಳು ದಾರಿ (ಮೇ 4)

ಅದರ ನ್ಯಾವಿಗೇಷನ್ ಕೇಂದ್ರ ಬ್ಯಾಲಾಳಿನಲ್ಲೇ ಇದೆ, 2013ರಲ್ಲಿ ಶುರುವಾಯಿತು. ಉಪಗ್ರಹಗಳನ್ನು ಕಕ್ಷೆಯಲ್ಲಿ ನಡೆಸುವ ಕೆಲಸ ಹಾಸನದ ಕೇಂದ್ರದ್ದು. ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ಅದರ ಮುಖ್ಯ ಸೇವೆ ಭಾರತ ಮತ್ತು ಗಡಿಯಿಂದ 1,500 ಕಿಲೋಮೀಟರ್ ಸುತ್ತಲಿನ ಪ್ರದೇಶಕ್ಕೆ. ಬರ್ಡ್ಸ್‌ವಿಲ್‌ಗಾಗಿ ಅದನ್ನು ನಂಬಿ ಸಾಧನ ಕೊಳ್ಳಬೇಡಿ. ಅಲ್ಲಿ ಜಪಾನಿನ ಉಪಗ್ರಹ ವ್ಯವಸ್ಥೆ ಕ್ಯೂಜೆಡ್‌ಎಸ್‌ಎಸ್ ಹೆಚ್ಚು ಉಪಯೋಗ. ಅದರ ಹಾದಿ ಜಪಾನ್ ಮತ್ತು ಆಸ್ಟ್ರೇಲಿಯಾದ ಮೇಲೆ ಎಂಟರ ಆಕಾರದಲ್ಲಿ ಸುತ್ತುತ್ತದೆ.

ಸರ್ವೆ ಸರಪಳಿ, ಕಲ್‌ಗೂರ್ಲಿ (ಮೇ 5)

ನಾನು ಗಣಿ ಕಂಪನಿಯಲ್ಲಿ ಸರ್ವೇಯರ್. ಎಲ್ಲರ ಮಾತೂ ಸರಿ, ಆದರೆ ಕಾವೇರಿತೀರ ಅವರ ಮೊದಲ ಬರಹದ ಒಂದು ಸಾಲನ್ನು ಯಾರೂ ಹಿಡಿದಿಲ್ಲ. ‘ಹೋಗುವಾಗ ಪರವಾಗಿಲ್ಲ, ಬರುವಾಗ ಮಾತ್ರ ತೊಂದರೆ.’ ಅಡಿಲೇಡಿನಿಂದ ಫ್ಲಿಂಡರ್ಸ್‌ಗೆ ಹೋಗುವುದು ಉತ್ತರಕ್ಕೆ. ಬರುವುದು ದಕ್ಷಿಣಕ್ಕೆ ಮುಖ ಮಾಡಿ.

ಜಿಪಿಎಸ್ ಉಪಗ್ರಹಗಳ ಕಕ್ಷೆ ಸಮಭಾಜಕಕ್ಕೆ 55 ಡಿಗ್ರಿ ಓರೆ. ಅಂದರೆ ಯಾವ ಉಪಗ್ರಹವೂ 55 ಡಿಗ್ರಿ ಅಕ್ಷಾಂಶ ದಾಟಿ ಧ್ರುವದ ನೆತ್ತಿಗೆ ಹೋಗುವುದೇ ಇಲ್ಲ. ಹಾಗಾಗಿ ದಕ್ಷಿಣ ಗೋಳಾರ್ಧದಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಆಕಾಶದಲ್ಲಿ ಒಂದು ದೊಡ್ಡ ತೂತು. ನಾನು ಲೆಕ್ಕ ಹಾಕಿದೆ. ಅಡಿಲೇಡಿನಲ್ಲಿ ನೇರ ದಕ್ಷಿಣ ದಿಕ್ಕಿನಲ್ಲಿ ದಿಗಂತದಿಂದ ಸುಮಾರು 64 ಡಿಗ್ರಿ ಎತ್ತರದವರೆಗೆ ಒಂದು ಜಿಪಿಎಸ್ ಉಪಗ್ರಹವೂ ಎಂದೂ ಬರುವುದಿಲ್ಲ. ಬರ್ಡ್ಸ್‌ವಿಲ್‌ನಲ್ಲಿ ಸುಮಾರು 52 ಡಿಗ್ರಿ. ನಮ್ಮ ಬೆಂಗಳೂರಿನಲ್ಲಿ ಇದೇ ತೂತು ಉತ್ತರಕ್ಕಿದೆ, ಸುಮಾರು 37 ಡಿಗ್ರಿವರೆಗೆ. ತೂತಿಗೆ ಅಗಲವೂ ಇದೆ: ಅಡಿಲೇಡಿನಲ್ಲಿ ಅದು ಸರಿಸುಮಾರು ಆಗ್ನೇಯದಿಂದ ನೈಋತ್ಯದವರೆಗೆ ಹರಡಿದೆ.

ಈಗ ಡ್ಯಾಶ್ ಮೇಲಿನ ಹ್ಯಾಂಡ್‌ಹೆಲ್ಡ್‌ಗೆ ಏನು ಕಾಣುತ್ತದೆ ಯೋಚಿಸಿ. ತಲೆಯ ಮೇಲೂ ಹಿಂದೂ ಉಕ್ಕಿನ ಛಾವಣಿ. ಎದುರಿಗೆ ಗಾಜು. ಅಂದರೆ ದಿಗಂತದಿಂದ 45, 50 ಡಿಗ್ರಿವರೆಗಿನ ಮುಂದಿನ ಆಕಾಶ ಮಾತ್ರ. ದಕ್ಷಿಣಕ್ಕೆ ಓಡಿಸುವಾಗ ಆ ಗಾಜು ನೋಡುತ್ತಿರುವುದು ಸರಿಯಾಗಿ ಆ ತೂತಿನೊಳಕ್ಕೆ. ಉಪಗ್ರಹಗಳೆಲ್ಲ ಉತ್ತರಕ್ಕೆ, ನೆತ್ತಿಗೆ, ಛಾವಣಿಯ ಮರೆಯಲ್ಲಿ. ಸ್ಥಾನ ಹೇಳಲು ಕನಿಷ್ಠ ನಾಲ್ಕು ಉಪಗ್ರಹ ಬೇಕು. ಪಕ್ಕದ ಗಾಜಿನಿಂದಲೋ ಬಾನೆಟ್ ಮೇಲೆ ಪುಟಿದೋ ಬಂದ ಸಂಕೇತಗಳನ್ನು ಸೇರಿಸಿ ಪಾಪ ಅದು ಲೆಕ್ಕ ಮಾಡಿದೆ, ಮುನ್ನೂರು ಮೀಟರ್ ತಪ್ಪಿದೆ. ಬಿಸಿಲಿನದಲ್ಲ ದೋಷ.

ನಿಮ್ಮ ಜುಲೈ ಪ್ರಯಾಣದಲ್ಲಿ ಬರ್ಡ್ಸ್‌ವಿಲ್‌ನಿಂದ ಮರ್ರೀವರೆಗಿನ 517 ಕಿಲೋಮೀಟರ್ ದಕ್ಷಿಣಕ್ಕೇ. ಅದಕ್ಕೇ ಇಷ್ಟು ಬಿಡಿಸಿ ಬರೆದೆ. ರಷ್ಯಾದ ಗ್ಲೋನಾಸ್ ಕಕ್ಷೆ 64.8 ಡಿಗ್ರಿ ಓರೆ ಇರುವುದರಿಂದ ಅದನ್ನೂ ಓದುವ ಹೊಸ ಸಾಧನಗಳಿಗೆ ತೂತು ಸ್ವಲ್ಪ ಚಿಕ್ಕದು, ಆದರೆ ಮುಚ್ಚಿಹೋಗುವುದಿಲ್ಲ.

ಪರೀಕ್ಷೆ ಮಾಡುವಾಗ ಗಾಡಿಯನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ನಿಲ್ಲಿಸಿ ನೋಡಿ.

ಕಾವೇರಿತೀರ (ಮೇ 10)

ಸರ್ವೆ ಸರಪಳಿ ಮೇಡಂ, ನಿಮ್ಮ ಬರಹವನ್ನು ಮನೆಯವರಿಗೂ ಓದಿ ಹೇಳಿದೆ. ಇವತ್ತು ಬೆಳಿಗ್ಗೆ ಊರಾಚೆಯ ಖಾಲಿ ಮೈದಾನಕ್ಕೆ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಅವಳು ಬರೆದುಕೊಂಡಳು, ನಾನು ಗಾಡಿ ತಿರುಗಿಸಿದೆ.

ಛಾವಣಿ ಮೇಲೆ ಇಟ್ಟಾಗ 10 ಉಪಗ್ರಹ. ಡ್ಯಾಶ್ ಮೇಲೆ, ಎಲ್ಲ ಬಂದ್, ಮುಖ ಉತ್ತರಕ್ಕೆ: 7. ಪೂರ್ವಕ್ಕೆ 5, ಪಶ್ಚಿಮಕ್ಕೆ 5. ದಕ್ಷಿಣಕ್ಕೆ ತಿರುಗಿಸಿ ಹತ್ತು ನಿಮಿಷ ಕಾದರೂ 3. ಡ್ಯಾಶ್‌ಕ್ಯಾಮ್ ಆನ್ ಮಾಡಿದರೆ ಉತ್ತರಕ್ಕಿದ್ದಾಗ 7 ಇದ್ದದ್ದು 5 ಆಯಿತು. ದಕ್ಷಿಣಕ್ಕಿದ್ದಾಗ 3 ಇದ್ದದ್ದು 1. ಫ್ರಿಜ್‌ನಿಂದ ಏನೂ ವ್ಯತ್ಯಾಸ ಇಲ್ಲ. ಫೋನ್ ಚಾರ್ಜರ್‌ನಿಂದಲೂ ಇಲ್ಲ. ಚುಕ್ಕೆ ಚೌಕದ ಹತ್ತಿರ ಹಿಡಿದರೆ ದಕ್ಷಿಣದಲ್ಲೂ 4 ಸಿಕ್ಕಿತು, ಆದರೆ ಅಲ್ಲಿ ಕೂರಿಸಿದರೆ ಓಡಿಸುವವರ ದೃಷ್ಟಿಗೆ ಅಡ್ಡ.

ಇನ್ನೊಂದು: ಸಾಧನದ ತಾರೀಖು ಸುಮಾರು ಇಪ್ಪತ್ತು ವರ್ಷ ಹಿಂದಿನದು ತೋರಿಸುತ್ತಿದೆ. ಇದೂ ಕಾರಣವೇ?

ಬ್ಯಾಲಾಳು ದಾರಿ (ಮೇ 10)

ಎಷ್ಟು ಚೆನ್ನಾಗಿ ಪರೀಕ್ಷೆ ಮಾಡಿದ್ದೀರಿ ಸರ್, ಮಗಳಿಗೆ ನನ್ನ ಅಭಿನಂದನೆ ತಿಳಿಸಿ.

ತಾರೀಖಿನ ವಿಷಯ: ಜಿಪಿಎಸ್ ವಾರಗಳನ್ನು 0ಯಿಂದ 1023ರವರೆಗೆ ಎಣಿಸಿ ಮತ್ತೆ 0ಗೆ ಬರುತ್ತದೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೀಗಾಯಿತು. ಹಳೆಯ ಸಾಫ್ಟ್‌ವೇರ್ 1024 ವಾರ ಹಿಂದಿನ ತಾರೀಖು ತೋರಿಸುತ್ತದೆ. ಸ್ಥಾನ ಹೇಳುವುದಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ, ಸೂರ್ಯೋದಯದ ಹೊತ್ತು, ಟ್ರ್ಯಾಕ್‌ನ ದಿನಾಂಕ ತಪ್ಪುತ್ತವೆ. ತಯಾರಕರ ಜಾಲತಾಣದಲ್ಲಿ ಹೊಸ ಸಾಫ್ಟ್‌ವೇರ್ ಇದ್ದರೆ ಹಾಕಿಕೊಳ್ಳಿ.

ಪಣಂಬೂರು (ಮೇ 11)

ಇನ್ನು ಆಂಟೆನಾ ಹಾಕುವುದೇ. ನಿಮ್ಮ ಹ್ಯಾಂಡ್‌ಹೆಲ್ಡ್ ಹಿಂದೆ ರಬ್ಬರ್ ಮುಚ್ಚಳದ ಕೆಳಗೆ ಗುಂಡಗಿನ ಸಣ್ಣ ಸಾಕೆಟ್ ಉಂಟಾ? ಗಾರ್ಮಿನ್ ಕಂಪನಿಯ ಜಿಪಿಎಸ್‌ಮ್ಯಾಪ್ 60ಸಿಎಸ್‌ಎಕ್ಸ್, 62, 64ರ ತರದವಕ್ಕೆ ಎಂಸಿಎಕ್ಸ್ ಸಾಕೆಟ್ ಇದೆ. ಇಟ್ರೆಕ್ಸ್‌ನಂಥ ಸಣ್ಣವಕ್ಕೆ ಹೊರ ಆಂಟೆನಾಕ್ಕೆ ಜಾಗವೇ ಇಲ್ಲ.

ಸಾಕೆಟ್ ಇದ್ದರೆ ಬೆಂಕಿಪೊಟ್ಟಣದ ಗಾತ್ರದ, ಕೆಳಗೆ ಅಯಸ್ಕಾಂತ ಇರುವ ಆ್ಯಕ್ಟಿವ್ ಆಂಟೆನಾ ತೆಗೆದುಕೊಳ್ಳಿ. ಅದಕ್ಕೆ ಬೇಕಾದ ವೋಲ್ಟೇಜ್ ಸಾಧನವೇ ಕೇಬಲ್‌ನ ನಡುತಂತಿಯಲ್ಲಿ ಕೊಡುತ್ತದೆ. ಎಷ್ಟು ಕೊಡುತ್ತದೆ ಅಂತ ಕೈಪಿಡಿಯಲ್ಲಿ ನೋಡಿ, ಆಂಟೆನಾದ ಮೇಲೆ ಬರೆದದ್ದಕ್ಕೆ ಹೊಂದಬೇಕು.

ಕೂರಿಸುವ ಜಾಗ ಛಾವಣಿಯ ಮಧ್ಯ. ಕೆಳಗಿನ ಉಕ್ಕಿನ ಹಾಳೆ ಆ ಆಂಟೆನಾಕ್ಕೆ ಬೇಕೇ ಬೇಕು, ಅದರ ಮೇಲೆ ನಿಂತಾಗಲೇ ಅದು ಸರಿಯಾಗಿ ಮೇಲ್ಮುಖವಾಗಿ ಕೇಳುವುದು. ಅಲ್ಯೂಮಿನಿಯಂ ಕ್ಯಾನೋಪಿಗೆ ಅಯಸ್ಕಾಂತ ಹಿಡಿಯುವುದಿಲ್ಲ, ಅಲ್ಲಿ ಅಂಗೈ ಅಗಲದ ಉಕ್ಕಿನ ತಟ್ಟೆ ಅಂಟಿಸಿ. ರೂಫ್ ರ್‍ಯಾಕ್ ಇದ್ದರೆ ಅದರ ಮೇಲೆಯೇ ತಟ್ಟೆ ಬೋಲ್ಟ್ ಮಾಡಿ. ರ್‍ಯಾಕ್‌ನ ಕೆಳಗೆ ಇಟ್ಟು ಅದರ ಮೇಲೆ ಜೆರಿಕ್ಯಾನ್, ಸ್ಪೇರ್ ಟೈರ್ ಹೇರಿದರೆ ಮತ್ತೆ ಛಾವಣಿಯೊಳಗೆ ಇಟ್ಟ ಹಾಗೆಯೇ.

ಕೇಬಲ್ ಅನ್ನು ಬಾಗಿಲಿನ ಮೇಲಂಚಿನ ರಬ್ಬರ್ ಮೂಲಕ ತನ್ನಿ, ಚೂಪಾದ ಮೂಲೆಯಲ್ಲಿ ಅಲ್ಲ. ಒಳಗೆ ಬರುವ ಮೊದಲು ಕೇಬಲ್ ಒಮ್ಮೆ ಕೆಳಗಿಳಿದು ಮೇಲೆ ಹತ್ತಲಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಉಳಿದ ಕೇಬಲನ್ನು ಬಿಗಿಯಾಗಿ ಸುತ್ತಿ ಕಟ್ಟಬೇಡಿ, ಹಸ್ತದಷ್ಟು ಅಗಲದ ಸುರುಳಿ ಮಾಡಿ. ಎಂಸಿಎಕ್ಸ್ ಪ್ಲಗ್ ಸೂಕ್ಷ್ಮ. ರಸ್ತೆಯ ಮೇಲಿನ ತಗಡಿನ ಶೀಟಿನಂಥ ಅಡ್ಡ ಅಲೆಗಳಿಗೆ ಗಂಟೆಗಟ್ಟಲೆ ನಡುಗಿ ಸಾಕೆಟ್ಟೇ ಕಿತ್ತುಬಂದದ್ದನ್ನು ನಾನು ರಿಪೇರಿ ಮಾಡಿದ್ದೇನೆ. ಕೇಬಲ್‌ನ ಭಾರ ಪ್ಲಗ್ ಮೇಲೆ ಬೀಳದ ಹಾಗೆ ಮೌಂಟ್‌ಗೆ ಒಂದು ಕಡೆ ಕಟ್ಟಿ.

ಜೋಳದರೊಟ್ಟಿ (ಮೇ 11)

ಇದಕ್ಕ ಎರಡ ಮಾತು ಸೇರಸ್ತೀನ್ರಿ. ಗಾಡಿಯಿಂದ ಗಾಡಿಗೆ ಮಾತಾಡೋ ಯುಎಚ್‌ಎಫ್ ಸಿಬಿ ರೇಡಿಯೋ 5 ವ್ಯಾಟ್ ಬಿಡತೈತಿ, ಅದರ ಆಂಟೆನಾ ಮುಂದ ಬುಲ್‌ಬಾರ್ ಮ್ಯಾಲೆ ಇರಲಿ, ಜಿಪಿಎಸ್‌ದು ಛಾವಣಿ ಮ್ಯಾಲೆ. ನಡುವ ಒಂದು ಮೀಟರ್‌ನಷ್ಟರೆ ಅಂತರ ಇರಬೇಕು. ಮರಳಿನ ಬಾವುಟದ ಕೋಲು ಹಾಕತೀರಲ್ಲ, ಅದೂ ಬುಲ್‌ಬಾರ್‌ಗೇ. ಬಾವುಟ ಕಡ್ಡಾಯ ಐತಿ ಅಲ್ಲೆ, ದಿಬ್ಬದ ಆ ಕಡೆಯಿಂದ ಬರೋ ಗಾಡಿಗೆ ನೀವು ಕಾಣೋದ ಅದರಿಂದ.

ಎರಡನೇದು ಸೆಟ್ಟಿಂಗ್. ‘ರಸ್ತೆಗೆ ಅಂಟಿಸು’ ಅನ್ನೋದು ಆನ್ ಇದ್ರ ಬಂದ್ ಮಾಡ್ರಿ. ನಕ್ಷಾದಾಗ ಇಲ್ಲದ ಹಾದಿ ಮ್ಯಾಲೆ ನೀವು ಹೊಂಟಾಗ ಅದು ನಿಮ್ಮನ್ನ ಎಳಕೊಂಡು ಹೋಗಿ ಪಕ್ಕದ ಹಾದಿ ಮ್ಯಾಲೆ ಕೂಡಸತೈತಿ. ಸಿಗ್ನಲ್ ಕೆಟ್ಟದ ಅಂತ ನಾವು ಅರ್ಧ ದಿನ ತಲಿ ಕೆಡಿಸಿಕೊಂಡಿದ್ವಿ. ಬ್ಯಾಟರಿ ಉಳಿಸೋ ಸೆಟ್ಟಿಂಗನೂ ಬಂದ್. ದಿಕ್ಸೂಚಿ ಗಾಡಿ ಒಳಗ ನಂಬಬ್ಯಾಡ್ರಿ, ಸುತ್ತ ಕಬ್ಬಿಣ ಇರತೈತಿ. ಗಾಡಿ ಓಡೋ ಮುಂದ ಜಿಪಿಎಸ್ ಹೇಳೋ ದಿಕ್ಕು ಖರೆ.

ಹೊಸ ಹಾದಿ, ಸಿಡ್ನಿ (ಮೇ 12)

ನಾನು ಇಲ್ಲಿಗೆ ಓದಲು ಬಂದು ಒಂದು ವರ್ಷ ಆಯ್ತು. ಈ ಚರ್ಚೆ ಓದಿ ಕೇಳಬೇಕನ್ನಿಸಿತು. ಫೋನ್‌ನಲ್ಲೇ ಎಲ್ಲ ಇರುವಾಗ ಹ್ಯಾಂಡ್‌ಹೆಲ್ಡ್ ಬೇಕೇ ಅಣ್ಣಂದಿರೇ? ಐಪ್ಯಾಡ್ ಇದೆ, ಅದರಲ್ಲಿ ನಕ್ಷೆ ಹಾಕಿಕೊಂಡರೆ ಸಾಲದೇ?

ಬ್ಯಾಲಾಳು ದಾರಿ (ಮೇ 12)

ಬರೀ ವೈಫೈ ಇರುವ ಐಪ್ಯಾಡ್‌ನಲ್ಲಿ ಜಿಪಿಎಸ್ ಚಿಪ್ಪೇ ಇಲ್ಲ, ಮೊದಲು ಅದು ನೋಡಿಕೊಳ್ಳಿ. ಸಿಮ್ ಹಾಕುವ ಮಾದರಿಯಲ್ಲಿ ಇದೆ.

ಫೋನ್ ಒಳ್ಳೆಯ ರಿಸೀವರ್, ಹೊಸವು ನಾಲ್ಕೈದು ದೇಶಗಳ ಉಪಗ್ರಹ ಓದುತ್ತವೆ. ಪೇಟೆಯಲ್ಲಿ ಅದು ಕ್ಷಣದಲ್ಲಿ ಸ್ಥಾನ ಹೇಳುವುದು ಉಪಗ್ರಹಗಳ ಮಾಹಿತಿಯನ್ನು ಮೊಬೈಲ್ ಜಾಲದಿಂದ ತರಿಸಿಕೊಳ್ಳುವುದರಿಂದ. ಜಾಲ ಇಲ್ಲದ ಕಡೆ ಆ ಮಾಹಿತಿಯನ್ನು ಉಪಗ್ರಹದಿಂದಲೇ ಸೆಕೆಂಡಿಗೆ 50 ಬಿಟ್‌ನ ನಿಧಾನದಲ್ಲಿ ಇಳಿಸಿಕೊಳ್ಳಬೇಕು. ಒಂದು ಉಪಗ್ರಹದ ಕಕ್ಷೆಯ ವಿವರಕ್ಕೆ ಅರ್ಧ ನಿಮಿಷ, ಮಧ್ಯೆ ಸಂಕೇತ ತುಂಡಾದರೆ ಮತ್ತೆ ಮೊದಲಿಂದ. ಅದಕ್ಕೇ ಬೆಳಿಗ್ಗೆ ಹೊರಡುವ ಮೊದಲು ಫೋನ್ ಆಗಲಿ ಹ್ಯಾಂಡ್‌ಹೆಲ್ಡ್ ಆಗಲಿ, ಬಯಲಿನಲ್ಲಿ ಅಲುಗಾಡಿಸದೆ ಐದು ನಿಮಿಷ ಇಡಿ. ಫೋನ್‌ಗೆ ಹೊರ ಆಂಟೆನಾ ಸಾಕೆಟ್ ಇಲ್ಲ. ಆದರೆ ಬ್ಲೂಟೂತ್ ಜಿಪಿಎಸ್ ರಿಸೀವರ್‌ಗಳು ಬರುತ್ತವೆ. ಅದನ್ನು ಆಕಾಶ ಕಾಣುವ ಕಡೆ ಇಟ್ಟರೆ ಟ್ಯಾಬ್ಲೆಟ್ ನಿಮ್ಮ ಮಡಿಲಲ್ಲೇ ಇದ್ದರೂ ನಡೆಯುತ್ತದೆ. ಬಿಸಿಲಿಗೆ ಡ್ಯಾಶ್ ಮೇಲೆ ಇಟ್ಟ ಫೋನ್ ತಾನಾಗಿ ಆಫ್ ಆಗುವುದುಂಟು, ಎಸಿ ಗಾಳಿ ಬರುವ ಕಡೆ ಇಡಿ.

ರಾತ್ರಿಪಾಳಿ, ಆಲಿಸ್ ಸ್ಪ್ರಿಂಗ್ಸ್ (ಮೇ 13)

ನಾನು ಇಲ್ಲಿ ನರ್ಸ್. ಆಂಟೆನಾ ಬಗ್ಗೆ ನನಗೆ ಗೊತ್ತಿಲ್ಲ, ಸಿಕ್ಕ ಸ್ಥಾನವನ್ನು ಬಾಯಿಂದ ಹೇಳುವ ಬಗ್ಗೆ ಹೇಳಲೇಬೇಕು.

ತುರ್ತಿನಲ್ಲಿ ಸ್ಯಾಟಲೈಟ್ ಫೋನ್‌ನಲ್ಲಿ ಅಂಕಿ ಓದುವಾಗ ಜನ ಗಾಬರಿಯಲ್ಲಿರುತ್ತಾರೆ. ‘25, 54’ ಅಂದರೆ ಅದು 25 ಡಿಗ್ರಿ 54 ನಿಮಿಷವೋ, 25.54 ಡಿಗ್ರಿಯೋ? ಎರಡರ ನಡುವೆ ನೆಲದ ಮೇಲೆ 40 ಕಿಲೋಮೀಟರ್ ವ್ಯತ್ಯಾಸ. 54.50 ನಿಮಿಷ ಅನ್ನುವುದನ್ನು 54 ನಿಮಿಷ 50 ಸೆಕೆಂಡ್ ಅಂತ ಬರೆದುಕೊಂಡರೆ ಆರುನೂರು ಮೀಟರ್. ಪೊದೆ, ದಿಬ್ಬದ ನಡುವೆ ಆರುನೂರು ಮೀಟರ್ ಬಹಳ ದೂರ. ಎರಡೂ ಗಾಡಿಯ ಸಾಧನಗಳಲ್ಲಿ ಒಂದೇ ನಮೂನೆ ಇಟ್ಟುಕೊಳ್ಳಿ. ಅದರ ಹೆಸರನ್ನು ಚೀಟಿಯಲ್ಲಿ ಬರೆದು ಡ್ಯಾಶ್‌ಗೆ ಅಂಟಿಸಿ. ಮಕ್ಕಳಿಗೂ ಓದಲು ಕಲಿಸಿ. ಓಡಿಸುವವರಿಗೇ ಏನಾದರೂ ಆದರೆ ಓದುವವರು ಯಾರು?

ಒತ್ತಿದರೆ ಉಪಗ್ರಹದ ಮೂಲಕ ಸಹಾಯ ಕೇಳುವ 406 ಮೆಗಾಹರ್ಟ್ಸ್‌ನ ಪಿಎಲ್‌ಬಿ ಬೀಕನ್ ಒಂದು ಇಟ್ಟುಕೊಳ್ಳಿ, ಇಲ್ಲಿನ ಕಡಲ ಸುರಕ್ಷತಾ ಸಂಸ್ಥೆ ಎಎಂಎಸ್‌ಎಯಲ್ಲಿ ನೋಂದಾಯಿಸಿ, ನೋಂದಣಿಗೆ ಹಣ ಕೊಡಬೇಕಿಲ್ಲ. ಒತ್ತುವಾಗ ಕಾರಿನಿಂದ ಹೊರಗೆ, ಆಕಾಶ ಕಾಣುವ ಹಾಗೆ ಹಿಡಿದು ಒತ್ತಬೇಕು. ಮತ್ತೆ, ಏನೇ ಆದರೂ ಗಾಡಿ ಬಿಟ್ಟು ನಡೆಯಬೇಡಿ.

ಸರ್ವೆ ಸರಪಳಿ (ಮೇ 13)

ರಾತ್ರಿಪಾಳಿ ಅಕ್ಕ ಹೇಳಿದ್ದಕ್ಕೆ ಜೊತೆಯಾಗಿ: ಹಳೆಯ ಕಾಗದದ ನಕ್ಷೆ ಬಳಸುವುದಾದರೆ ಅದರ ಮೂಲೆಯಲ್ಲಿ ಯಾವ ಡೇಟಮ್ (ಅಕ್ಷಾಂಶ ರೇಖಾಂಶ ಅಳೆಯಲು ಹಿಡಿದ ಆಧಾರ) ಅಂತ ಓದಿ. ಎಜಿಡಿ66 ಎಂದಿದ್ದರೆ ಜಿಪಿಎಸ್ ಅಂಕಿಗೂ ನಕ್ಷೆಗೂ ಸುಮಾರು 200 ಮೀಟರ್ ವ್ಯತ್ಯಾಸ ಬರುತ್ತದೆ. ಹೊಸ ಡೇಟಮ್‌ಗಳಾದ ಜಿಡಿಎ94 ಮತ್ತು ಜಿಡಿಎ2020ರ ನಡುವಿನ ಅಂತರ 1.8 ಮೀಟರ್ ಮಾತ್ರ, ಈ ಖಂಡ ವರ್ಷಕ್ಕೆ ಸುಮಾರು 7 ಸೆಂಟಿಮೀಟರ್ ಈಶಾನ್ಯದ ಕಡೆ ಸರಿಯುತ್ತಿರುವುದರಿಂದ ಬಂದದ್ದು. ಪ್ರಯಾಣಿಕರು ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಪೊಪೆಲ್ ಕಾರ್ನರ್‌ಗೆ ಹೋಗುತ್ತಿದ್ದೀರಿ ಅಂತ ಕೇಳಿ ನನಗೆ ಸಂತೋಷ. 1880ರಲ್ಲಿ ಆಗಸ್ಟಸ್ ಪೊಪೆಲ್ ಆ ಮೂರು ಗಡಿ ಸೇರುವ ಜಾಗವನ್ನು ಸರಪಳಿ ಹಿಡಿದು ಅಳೆದು ಕಂಬ ನೆಟ್ಟರು. ಬಳಸಿ ಬಳಸಿ ಸರಪಳಿ ಒಂದು ಅಂಗುಲದಷ್ಟು ಉದ್ದವಾಗಿತ್ತು ಅಂತ ಆಮೇಲೆ ಗೊತ್ತಾಗಿ ಕಂಬವನ್ನು ಬೇರೆ ಕಡೆ ನೆಡಬೇಕಾಯಿತು. 1950ರ ದಶಕದಲ್ಲಿ ಗನ್‌ಬ್ಯಾರೆಲ್ ಹೆದ್ದಾರಿ ಮಾಡಿದ ಲೆನ್ ಬೀಡೆಲ್ ರಾತ್ರಿ ನಕ್ಷತ್ರ ನೋಡಿ ತಾವಿರುವ ಜಾಗ ಲೆಕ್ಕ ಹಾಕುತ್ತಿದ್ದರು, ಅಕ್ಷಾಂಶ ರೇಖಾಂಶವನ್ನು ಅಲ್ಯೂಮಿನಿಯಂ ಫಲಕದಲ್ಲಿ ಅಚ್ಚೊತ್ತಿ ದಾರಿಯಲ್ಲಿ ನೆಟ್ಟು ಹೋಗುತ್ತಿದ್ದರು. ಅವರಿಗೂ ಬೇಕಾದದ್ದು ಮರೆಯಿಲ್ಲದ ಆಕಾಶವೇ.

ಕಾವೇರಿತೀರ (ಜುಲೈ 24)

ಮೊನ್ನೆ ರಾತ್ರಿ ಮನೆ ಸೇರಿದೆವು. ಎಲ್ಲರೂ ಕ್ಷೇಮ. ಇಲ್ಲಿ ಸಲಹೆ ಕೊಟ್ಟ ಒಬ್ಬೊಬ್ಬರನ್ನೂ ದಾರಿಯಲ್ಲಿ ನೆನೆದೆವು.

ಮಾಡಿದ್ದು ಇಷ್ಟು: ಆ್ಯಕ್ಟಿವ್ ಆಂಟೆನಾ, ರೂಫ್ ರ್‍ಯಾಕ್ ಮೇಲೆ ಉಕ್ಕಿನ ತಟ್ಟೆ, ಡ್ಯಾಶ್‌ಕ್ಯಾಮ್ ಅನ್ನು ಗಾಜಿನ ಆ ಕೊನೆಗೆ ಸರಿಸಿದ್ದು. ಹೊಸ ಸಾಧನ ಕೊಳ್ಳಲಿಲ್ಲ. ಊಡ್ನಡಾಟ ಟ್ರ್ಯಾಕ್‌ನಲ್ಲಿ ಒಮ್ಮೆಯೂ ತುಂಡಾಗಲಿಲ್ಲ. ಮೂರನೇ ದಿನ, ಡಾಲ್‌ಹೌಸಿಗೆ ಮೊದಲು, ಉಪಗ್ರಹಗಳೆಲ್ಲ ಒಮ್ಮೆಲೇ ಮಾಯ. ನಿಲ್ಲಿಸಿ ನೋಡಿದರೆ ಅಡ್ಡ ಅಲೆಗಳ ನಡುಕಕ್ಕೆ ಎಂಸಿಎಕ್ಸ್ ಪ್ಲಗ್ ಸಡಿಲವಾಗಿತ್ತು. ಒತ್ತಿ ಕೂರಿಸಿ, ಮೇಲೆ ಟೇಪ್ ಸುತ್ತಿ, ಕೇಬಲನ್ನು ಇನ್ನೊಂದು ಕಡೆ ಕಟ್ಟಿದೆ. ಆಮೇಲೆ ಪ್ರತಿ ಬೆಳಿಗ್ಗೆ ಟೈರಿನ ಗಾಳಿ ನೋಡುವಾಗ ಅದನ್ನೂ ಮುಟ್ಟಿ ನೋಡುತ್ತಿದ್ದೆ.

ಬರ್ಡ್ಸ್‌ವಿಲ್ ಟ್ರ್ಯಾಕ್‌ನಲ್ಲಿ ಇಡೀ ದಾರಿ ಮುಖ ದಕ್ಷಿಣಕ್ಕೆ. ಮಗಳು ಅರ್ಧ ಗಂಟೆಗೊಮ್ಮೆ ಉಪಗ್ರಹದ ಪುಟ ನೋಡಿ ಬರೆದಿಟ್ಟಿದ್ದಾಳೆ: 9, 10, 9, 8, 10. ಎಲ್ಲೂ 8ಕ್ಕಿಂತ ಕೆಳಗೆ ಇಳಿದಿಲ್ಲ. ಮಂಗರಾನಿಯಲ್ಲಿ ಊಟಕ್ಕೆ ನಿಂತಾಗ ಅವಳೇ ಹೇಳಿದಳು, ಕೇಬಲ್ ಕಿತ್ತು ಡ್ಯಾಶ್ ಮೇಲೆ ಇಟ್ಟು ನೋಡೋಣ ಅಂತ. ಗಾಡಿ ದಕ್ಷಿಣಕ್ಕೇ ನಿಂತಿತ್ತು. ಐದು ನಿಮಿಷಕ್ಕೆ 4ಕ್ಕೆ ಇಳಿಯಿತು, ಸ್ವಲ್ಪ ಹೊತ್ತಿಗೆ 3.

ಮೇಡಂ, ಪೊಪೆಲ್ ಕಾರ್ನರ್‌ನಲ್ಲಿ ಒಂದು ಪ್ರಶ್ನೆ ಉಳಿಯಿತು. ಗಡಿ 26 ಡಿಗ್ರಿ ದಕ್ಷಿಣ, 138 ಡಿಗ್ರಿ ಪೂರ್ವ ಅಂತ ಓದಿದ್ದೆವು. ಕಂಬದ ಪಕ್ಕ ನಿಂತರೆ ಪರದೆಯ ಮೇಲೆ ಸೊನ್ನೆಗಳು ಬರಲಿಲ್ಲ. ಉಪಗ್ರಹ 10 ಇದ್ದವು.

ಸರ್ವೆ ಸರಪಳಿ (ಜುಲೈ 25)

ನಿಮ್ಮ ಸಾಧನ ಸರಿಯಾಗಿಯೇ ಹೇಳಿದೆ. ಅಂದಿನ ಸರ್ವೇಯರ್‌ಗಳು ಸರಪಳಿಯಿಂದ, ನಕ್ಷತ್ರಗಳಿಂದ ಅಳೆದು ಎಲ್ಲಿ ಗುರುತು ನೆಟ್ಟರೋ ಅಲ್ಲೇ ಗಡಿ ನಿಂತಿದೆ. ಉಪಗ್ರಹದ ಅಂಕಿ ಬೇರೆ ಬಂತೆಂದು ಕಂಬವನ್ನು ಸರಿಸುವುದಿಲ್ಲ. ಮಗಳ ಪಟ್ಟಿಯ ಫೋಟೋ ಇಲ್ಲಿ ಹಾಕಿ, ನಮ್ಮ ಕಚೇರಿಗೆ ಹೊಸದಾಗಿ ಬಂದ ಹುಡುಗರಿಗೆ ದಕ್ಷಿಣದ ತೂತು ತೋರಿಸಲು ಬೇಕು.

ಕಾವೇರಿತೀರ (ಜುಲೈ 25)

ಸಂಜೆ ಶಾಲೆಯಿಂದ ಬಂದ ಮೇಲೆ ಅವಳೇ ಹಾಕುತ್ತಾಳಂತೆ. ಮೇ ತಿಂಗಳ ಮೈದಾನದ ಪಟ್ಟಿಯೂ ಅದೇ ಪುಸ್ತಕದಲ್ಲಿದೆ, ಎರಡನ್ನೂ ಹಾಕಲು ಹೇಳುತ್ತೇನೆ.